ಗೆದ್ದವನ ಪರವಾಗಿ ಎರಡು ಮಾತು

ಅಮೆರಿಕದ ಟಿವಿ ಕುಸ್ತಿಯ ಬ್ರೆಟ್ ಹಾರ್ಟ್ ಮತ್ತು ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಕಾಳಗದ ಮಾತು ಬಂದಾಗಲೆಲ್ಲ ನನ್ನ ಗೆಳೆಯರು ಆಸ್ಟಿನ್ ಮುಖದ ರಕ್ತವನ್ನೇ ವರ್ಣಿಸುತ್ತಾರೆ. ಬೋಳು ತಲೆ, ಹಲ್ಲಿನ ಸಂದಿಗೆ ಇಳಿಯುವ ನೆತ್ತರು, ಬಾಯ್ಬಿಟ್ಟು ಅರಚಿದ್ದು. ಬಿಪಿ ಮಾತ್ರೆ ನುಂಗುವ ಗಂಡಸರು ಇದನ್ನು ಹೇಳುತ್ತ ಕಣ್ಣರಳಿಸುವುದನ್ನು ನೋಡಬೇಕು! ನನ್ನ ತಕರಾರು ಒಂದೇ: ಅವನ ಬೆನ್ನ ಮೇಲೆ ಕೂತು ಕಾಲು ತಿರುಚುತ್ತಿದ್ದವನನ್ನು ಯಾಕೆ ಯಾರೂ ನೆನೆಯುವುದಿಲ್ಲ? ಅವತ್ತು ಗೆದ್ದದ್ದು ಅವನು.

1997ರ ಮಾರ್ಚ್ 23, ಷಿಕಾಗೊ ಮಗ್ಗುಲಿನ ರೋಸ್‌ಮಾಂಟ್, ರೆಸಲ್‌ಮೇನಿಯಾ 13. ಎದುರಾಳಿ ಸೋಲೊಪ್ಪಿಕೊಂಡರಷ್ಟೇ ಗೆಲುವು. ಬ್ರೆಟ್ ಒಳ್ಳೆಯವನಾಗಿ ಬಂದ, ಆಸ್ಟಿನ್ ಕೆಟ್ಟವನಾಗಿ. ಹೊರಹೋಗುವ ಹೊತ್ತಿಗೆ ವೇಷ ಅದಲುಬದಲು. ಆಸ್ಟಿನ್ ಸೋಲೊಪ್ಪದೆ ಪ್ರಜ್ಞೆ ತಪ್ಪಿದ, ಅದನ್ನೇ ಸೋಲೆಂದು ಎಣಿಸಿ ಗೆಲುವು ಬ್ರೆಟ್‌ಗೆ ಕೊಟ್ಟರು, ಜನ ಮಾತ್ರ ಆಸ್ಟಿನ್ ಹೆಸರು ಕೂಗಿದರು. ಗೆದ್ದ ಮೇಲೂ ಹೊಡೆಯಲು ಹೋದ ಬ್ರೆಟ್‌ಗೆ ಸಿಕ್ಕಿದ್ದು ಬೈಗುಳ.

ಅದರ ಕ್ಯಾಸೆಟ್ಟನ್ನು ನಾನು ಬಾಡಿಗೆಗೆ ತಂದದ್ದು ಮೈಸೂರಿನ ಸೋದರಮಾವನ ಮನೆಗೆ. ಮಾವ ಗರಡಿಯಲ್ಲಿ ಬೆಳೆದವರು. ಬೆಳಗಿನ ಜಾವ ಮಟ್ಟಿ ಅಗೆದು, ಸಾವಿರ ಬಸ್ಕಿ ಹೊಡೆದು ಬಂದವರೆಂಬುದು ಮಾವನದೇ ಲೆಕ್ಕ, ಸಾವಿರಕ್ಕೆ ಸಾಕ್ಷಿಗಳಿಲ್ಲ. ದಸರಾ ಕುಸ್ತಿಗೆ ಜೋಡಿ ಕಟ್ಟುವ ಹೊತ್ತಿನಲ್ಲಿ ಈಗಲೂ ಅವರಿಗೆ ಊಟ ಸೇರುವುದಿಲ್ಲ. 'ಇದೇನ್ಲಾ ಇದು, ಮಟ್ಟಿ ಇಲ್ಲ, ಮಣ್ಣಿಲ್ಲ, ಹಾಸಿಗೆ ಮ್ಯಾಲೆ ಬಿದ್ದಂಗೆ ಬೀಳ್ತವೆ' ಎಂದು ಟಿವಿಗೆ ಬೆನ್ನು ಹಾಕಿ ಎಲೆಯಡಿಕೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಅರ್ಧ ತಿರುಗಿದರು. 'ಚಿತ್ ಮಾಡುದ್ರೂ ಮುಗಿಯಾಕಿಲ್ವಾ?' ಇಲ್ಲ ಮಾವ ಎಂದೆ. ಪೂರ್ತಿ ತಿರುಗಿದರು.

ಬ್ರೆಟ್ ಕಾಲನ್ನೇ ಹುಡುಕಿ ಹೊಡೆಯುತ್ತಿದ್ದ. ಮಂಡಿ, ಮತ್ತೆ ಮಂಡಿ. 'ಇವನಿಗೆ ಯಾರೋ ಉಸ್ತಾದ್ ಅವ್ನೆ' ಎಂದರು ಮಾವ. ಇದ್ದ, ಅವನ ಅಪ್ಪನೇ. ಕೆನಡಾದ ಕ್ಯಾಲ್ಗರಿಯಲ್ಲಿ ಸ್ಟೂ ಹಾರ್ಟ್ ತನ್ನ ಮನೆಯ ನೆಲಮಾಳಿಗೆಯನ್ನೇ ಗರಡಿ ಮಾಡಿಕೊಂಡಿದ್ದ. ಕೆಳಗೆ ಕಲಿಯಲು ಬಂದವರ ಚೀರಾಟ ಕೇಳುತ್ತಲೇ ಮೇಲೆ ಹನ್ನೆರಡು ಮಕ್ಕಳು ಬೆಳೆದವು. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮಾವ ಎರಡು ಪಟ್ಟು ನೋಡಿ ಹೇಳಿಬಿಟ್ಟಿದ್ದರು.

ಸುಳ್ಳು ಕುಸ್ತಿ ಎನ್ನುವವರಿಗೆ ಇನ್ನೊಂದು ಮಾತು. ಫಲಿತಾಂಶ ಮೊದಲೇ ಬರೆದದ್ದು, ಸರಿ. ರಕ್ತ ಮಾತ್ರ ನಿಜ. ಆಗ ಈ ಕುಸ್ತಿ ನಡೆಸುವ ಕಂಪನಿಯಲ್ಲಿ ರಕ್ತಕ್ಕೆ ನಿಷೇಧ. ಆಸ್ಟಿನ್‌ನನ್ನು ಒಪ್ಪಿಸಿ, ಬಚ್ಚಿಟ್ಟ ಬ್ಲೇಡಿನಿಂದ ಅವನ ಹಣೆ ಕೊಯ್ದದ್ದು ತಾನೇ ಎಂದು ಬ್ರೆಟ್ ಆಮೇಲೆ ಬರೆದುಕೊಂಡ. ನೋಡಿ, ನೀವು ಮೆಚ್ಚುವ ಆ ಚಿತ್ರದ ಕುಂಚವೂ ನನ್ನವನದೇ! ಅದೇ ವರ್ಷ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಎದುರಾಳಿ ಷಾನ್ ಮೈಕಲ್ಸ್, ಆಸ್ಟಿನ್‌ಗೆ ಬ್ರೆಟ್ ಹಾಕಿದ್ದ ಆ ಕಾಲು ತಿರುಚುವ ಶಾರ್ಪ್‌ಶೂಟರ್ ಪಟ್ಟನ್ನೇ ಬ್ರೆಟ್‌ಗೆ ಹಾಕಿದ. ಬ್ರೆಟ್ ಸೋಲೊಪ್ಪಲಿಲ್ಲ, ಆದರೂ ಕಂಪನಿಯ ಯಜಮಾನ ವಿನ್ಸ್ ಮೆಕ್‌ಮಹನ್ ಗಂಟೆ ಹೊಡೆಸಿದ. ಅದು ಹೇಳಿಕೊಟ್ಟ ಆಟದಲ್ಲಿ ಇರಲಿಲ್ಲ. ಅಂದು ನಾನು ಮಾತ್ರ ಅತ್ತೆನೆಂದು ಈ ಗೆಳೆಯರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಕ್ಯಾಸೆಟ್ ಮುಗಿಯಿತು. ಮಾವ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, ಪಂಚೆ ಎತ್ತಿ ಕಟ್ಟಿ, 'ಮಲಿಕೋ ಬಾ ಇಲ್ಲಿ' ಎಂದರು. ನನ್ನ ಎರಡು ಕಾಲುಗಳ ನಡುವೆ ತಮ್ಮ ಕಾಲು ತೂರಿಸಿ, ಹೆಣೆದು, ಬೋರಲು ತಿರುಗಿಸಿ ಕೂತರು.

ಎರಡೇ ಸೆಕೆಂಡಿಗೆ ನಾನು ಚಾಪೆ ಬಡಿದೆ.