ಎಳ್ಳಿನ ಪೊಟ್ಟಣಕ್ಕೊಂದು ಅಚ್ಚು

ಸಂಕ್ರಾಂತಿ ಹತ್ತಿರವಾದರೆ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಕೊಬ್ಬರಿ, ಬೆಲ್ಲ ಹೆಚ್ಚಿ ಬಿಸಿಲಿಗೆ ಹರಡುವ ಕೆಲಸ ಶುರುವಾಗುತ್ತದೆ. ಸಕ್ಕರೆ ಅಚ್ಚಿನ ಮರದ ಪಡಿಗಳು ಅಟ್ಟದಿಂದ ಇಳಿಯುತ್ತವೆ. ಎಳ್ಳು ಬೀರುವ ಪೊಟ್ಟಣ ಮಾತ್ರ ಈಗ ಹಲವು ಮನೆಗಳಲ್ಲಿ ಅಂಗಡಿಯದು. ಒಳಗಿನದನ್ನು ಇಷ್ಟು ಅಕ್ಕರೆಯಿಂದ ಮಾಡಿದವರು ಹೊರಗಿನ ಕಾಗದಕ್ಕೂ, ಜೊತೆಗಿಡುವ ಶುಭಾಶಯದ ಕಾರ್ಡಿಗೂ ಒಂದು ಅಚ್ಚು ಮಾಡಿಕೊಳ್ಳಲಿ ಎಂಬುದು ನನ್ನ ಆಸೆ. ಅದಕ್ಕೆ ಬೇಕಾದದ್ದು ತರಕಾರಿ ಬುಟ್ಟಿಯಲ್ಲೇ ಇದೆ.

ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿ, ಲೋಳೆಯನ್ನು ಬಟ್ಟೆಯಿಂದ ಒರೆಸಿ, ಗಟ್ಟಿಯಾದ ಪೋಸ್ಟರ್ ಬಣ್ಣವನ್ನು ಸ್ಪಂಜಿನಿಂದ ತಟ್ಟಿ ಒತ್ತಿದರೆ ಕಾಗದದ ಮೇಲೆ ಐದೆಸಳಿನ ಹೂ. ಅದು ಆಕಸ್ಮಿಕವಲ್ಲ. ಬೆಂಡೆ ದಾಸವಾಳದ ಬಳಗದ ಗಿಡ; ಅದರ ಹೂವಿಗೂ ಐದು ಎಸಳು. ಹೂವಿನ ಲೆಕ್ಕವನ್ನು ಕಾಯಿ ತನ್ನೊಳಗೆ ಕಾಪಾಡಿಕೊಂಡಿದೆ. ಸೌತೆ, ಹಾಗಲಗಳ ಒಳಗೆ ಮೂರರ ಲೆಕ್ಕ. ಸೇಬನ್ನು ಅಡ್ಡ ಕೊಯ್ದರೆ ಬೀಜದ ಗೂಡು ಐದು ಮೂಲೆಯ ನಕ್ಷತ್ರ. ಬಾಳೆಎಲೆಯ ದಂಟಿನಲ್ಲಿ ಗಾಳಿಗೂಡುಗಳು ಹಳೇ ಮನೆಯ ಜಾಲಂಧ್ರದಂತೆ ಸಾಲುಗಟ್ಟಿವೆ. ದಿನವೂ ಹೆಚ್ಚಿ ಬಾಣಲೆಗೆ ಹಾಕುವ ನಾವು ಇವನ್ನು ನಿಂತು ನೋಡಿರುವುದಿಲ್ಲ. ಬಣ್ಣ ಹಚ್ಚಿ ಒತ್ತಿದಾಗ ನೋಡುತ್ತೇವೆ.

ಬೆಂಡೆ ತನ್ನ ಚಿತ್ರವನ್ನು ತಾನೇ ಬರೆದುಕೊಂಡು ಬಂದಿದೆ. ಆಲೂಗಡ್ಡೆ ಹಾಗಲ್ಲ, ನಾವು ಕೆತ್ತಿದ್ದೇ ಅದರ ಚಿತ್ರ. ಅರ್ಧ ಮಾಡಿ ಬಟ್ಟೆಯ ಮೇಲೆ ಬೋರಲಿಟ್ಟು ನೀರು ಹೀರಿಸಿಯೇ ಕೆತ್ತಬೇಕು. ಹಸಿ ಇದ್ದರೆ ಬಣ್ಣ ಕೂರುವುದಿಲ್ಲ. ಮರುದಿನಕ್ಕೆ ಅದು ಸೊರಗುತ್ತದೆ. ಬಹುಕಾಲ ಬಾಳಬೇಕಾದರೆ ಪೆನ್ಸಿಲ್ ಅಳಿಸುವ ರಬ್ಬರೇ ಸರಿ. ಬ್ಲೇಡನ್ನು ಗೆರೆಯಿಂದ ಹೊರಕ್ಕೆ ಇಳಿಜಾರಾಗಿ ಓಡಿಸಿದರೆ ಗೆರೆಯ ಬುಡ ಅಗಲವಾಗಿ ಗಟ್ಟಿ ನಿಲ್ಲುತ್ತದೆ. ಒಳಕ್ಕೆ ಓಡಿಸಿದರೆ ಬುಡ ಸವೆದು ಕೆಲವೇ ಒತ್ತಿಗೆ ಕಿತ್ತುಬರುತ್ತದೆ. ಒತ್ತುವಾಗ ಕಾಗದದ ಕೆಳಗೆ ನಾಲ್ಕು ಮಡಿಕೆ ದಿನಪತ್ರಿಕೆ ಇರಲಿ, ಅಚ್ಚು ಸಮವಾಗಿ ಮೂಡುತ್ತದೆ.

ಅಕ್ಷರ ಕೆತ್ತುವಾಗ ಎಲ್ಲವೂ ಹಿಂದುಮುಂದು. ಕಾಗದದ ಮೇಲೆ ಬಲಕ್ಕೆ ಚಾಚುವ ತಲೆಕಟ್ಟು ರಬ್ಬರಿನ ಮೇಲೆ ಎಡಕ್ಕೆ ಚಾಚಿರಬೇಕು. 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಬಂತು; ಕಾಗದಕ್ಕೆ ಒತ್ತುವ ಆ ಕಲ್ಲಿನ ಮೇಲೂ ಕನ್ನಡ ಹೀಗೆ ತಿರುಗಿಯೇ ಕೂರಬೇಕು. ಮನೆಯಲ್ಲಿ ಇದಕ್ಕೆ ಸುಲಭದ ದಾರಿಯಿದೆ. ತೆಳು ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ನೇರವಾಗಿಯೇ ಬರೆದು, ಅದನ್ನು ರಬ್ಬರಿನ ಮೇಲೆ ಮಗುಚಿ ಉಗುರಿನಿಂದ ಉಜ್ಜಿದರೆ ಬರಹ ತಾನಾಗಿ ತಿರುಗಿ ಇಳಿಯುತ್ತದೆ.

ಚಿತ್ರ ಕೆತ್ತುವಾಗ ಕೈಗಿಂತ ಕಣ್ಣಿಗೆ ಕೆಲಸ ಹೆಚ್ಚು. ಅರಳಿ ಎಲೆಯ ತುಂಬ ನರಗಳು. ರಬ್ಬರಿನ ಮೇಲೆ ನಾಲ್ಕೈದಕ್ಕಷ್ಟೇ ಜಾಗ. ಉಳಿದವನ್ನು ಬಿಡಲೇಬೇಕು. ಉದ್ದನೆಯ ಚೂಪು ತುದಿಯೊಂದು ಉಳಿದರೆ ಅದು ಅರಳಿಯೇ. ಕಬ್ಬಿಗೆ ಗಿಣ್ಣು ಸಾಕು. ಯಾವುದನ್ನು ತೆಗೆದರೆ ವಸ್ತು ತಾನಾಗಿ ಉಳಿಯುವುದಿಲ್ಲವೋ ಅದನ್ನು ಹುಡುಕುವುದೇ ಅಚ್ಚು ಕೆತ್ತುವುದು. ಕೊಂಡು ತಂದ ಅಚ್ಚಿನಲ್ಲಿ ಈ ಹುಡುಕಾಟವನ್ನು ಬೇರೆ ಯಾರೋ ಮುಗಿಸಿಕೊಟ್ಟಿರುತ್ತಾರೆ. ಮಕ್ಕಳಿಗೆ ಆ ಹುಡುಕಾಟ ಸಿಗದೆ ಹೋಗಬಾರದು. ಬಣ್ಣದ ಡಬ್ಬಿ ತೆರೆಯುವ ಮೊದಲು ಅವರ ಕೈಗೊಂದು ಎಲೆ ಕೊಟ್ಟು, ಇದರಲ್ಲಿ ಯಾವ ಗೆರೆಯನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ಕೇಳಿ. ಅವರು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದರೆ ಅರ್ಧ ಅಚ್ಚು ಆಗಲೇ ಸಿದ್ಧವಾಯಿತು.