ಪಹಣಿಯಲ್ಲಿಲ್ಲದ ಹೆಸರುಗಳು

ನಮ್ಮ ಮಲ್ಲಂದೂರು ಕಡೆ ವಂಶವೃಕ್ಷ ನೆನಪಾಗುವುದೇ ಪೌತಿ ಖಾತೆ ಮಾಡಿಸುವಾಗ. ನಾನು ಸುಮ್ಮನೆ ತಿಳಿದುಕೊಳ್ಳಲೆಂದು ನಮ್ಮ ಮನೆಯದನ್ನು ಬರೆಯಲು ಕೂತೆ. ಗಂಡಸರ ಹೆಸರು ಹಳೇ ಪಹಣಿ, ಮ್ಯುಟೇಶನ್‌ಗಳಲ್ಲಿ ಸಿಕ್ಕವು. ಅಜ್ಜಿಯ ತಾಯಿಯ ಹೆಸರು ಯಾವ ಕಾಗದದಲ್ಲೂ ಇಲ್ಲ.

ಅಜ್ಜಿಯನ್ನೇ ಕೇಳಿದೆ. "ಎಂತಕ್ಕೋ ಮಾರಾಯ, ಅವಳ ಹೆಸರಲ್ಲಿ ತೋಟ ಇತ್ತಾ?" ಎಂದು ನಕ್ಕು ಹೇಳಿದರು. ಕಳಸದ ಕಡೆಗೆ ಕೊಟ್ಟಿದ್ದ ಇಬ್ಬರು ಅಕ್ಕಂದಿರ ಹೆಸರೂ ಬಂತು.

ಹೆಣ್ಣುಮಕ್ಕಳನ್ನು ಬಿಟ್ಟು ವಂಶವೃಕ್ಷ ಮಾಡಿಸುವವರು ಈಗಲೂ ಇದ್ದಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಬಿಟ್ಟ ಹೆಸರು ಮುಂದೆ ಕೋರ್ಟಿನಲ್ಲಿ ಎದ್ದು ಬರಬಹುದು.

ಹಿರಿಯರ ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ. ಹೆಸರಿನ ಜೊತೆ ತವರೂರನ್ನೂ ಕೇಳಿ. ಶಾಲೆಯ ದಾಖಲಾತಿ ಪುಸ್ತಕ ಆಮೇಲೆ ನೋಡಬಹುದು. ಕಾಫಿ ಕೊಯ್ಲು ಶುರುವಾದರೆ ಮನೇಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಈಗಲೇ ಕೂರಿ.