ಹತ್ತಿ ಮತ್ತು ಬಿಡುಗಡೆ

ಕೊಯಮತ್ತೂರು ಸೀಮೆಯ ನಾವು, ಮನೆಯಲ್ಲಿ ಕನ್ನಡವಾಡುವ ದೇವಾಂಗರು, ಹತ್ತಿಯ ನೂಲನ್ನೇ ನಂಬಿ ಬಾಳಿದವರು. ಇದೇ ಹತ್ತಿ ಒಂದು ದೇಶವನ್ನೇ ಸೀಳಿತು. ಅಮೆರಿಕದ ದಕ್ಷಿಣದಲ್ಲಿ ಹತ್ತಿ ಬಿಡಿಸುತ್ತಿದ್ದವರು ಗುಲಾಮರು. ಹೊಸ ಪ್ರಾಂತಗಳಿಗೂ ಗುಲಾಮಗಿರಿ ಹಬ್ಬಬೇಕೇ ಎಂಬ ಜಗಳವನ್ನು 1820ರ ಮಿಸೌರಿ ಒಪ್ಪಂದ ತಣಿಸಿತು; 1854ರ ಕಾನ್ಸಾಸ್–ನೆಬ್ರಾಸ್ಕ ಕಾಯಿದೆ ಮತ್ತೆ ಕೆರಳಿಸಿತು. ಅದು ಹಬ್ಬಕೂಡದೆಂದ ಲಿಂಕನ್ 1860ರಲ್ಲಿ ಗೆದ್ದೊಡನೆ ದಕ್ಷಿಣದ ರಾಜ್ಯಗಳು ಬೇರ್ಪಡತೊಡಗಿದವು. 1861ರಲ್ಲಿ ಯುದ್ಧವೇ ಹೊತ್ತಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತು, ನಮ್ಮ ದೇಶದ ಹತ್ತಿಗೆ ಬೆಲೆ ಬಂತು. ರೈತನಿಗೆ ಸುಗ್ಗಿ, ನೇಕಾರನಿಗೆ ನೂಲು ದುಬಾರಿ!

1865ರಲ್ಲಿ ಅಲ್ಲಿ ಗುಲಾಮಗಿರಿ ಅಳಿಯಿತು. ನಮ್ಮಲ್ಲಿ ಜೀತವನ್ನು 1976ರ ಕಾಯಿದೆ ರದ್ದುಗೊಳಿಸಿತು. ಆದರೂ ಇಲ್ಲಿನ ಕೆಲವು ನೂಲಿನ ಗಿರಣಿಗಳು ‘ಸುಮಂಗಲಿ’ ಯೋಜನೆಯೆಂದು ಮದುವೆಯ ಹಣದ ಆಸೆ ತೋರಿಸಿ ಬಡ ಹುಡುಗಿಯರನ್ನು ವರ್ಷಗಟ್ಟಲೆ ಕಟ್ಟಿಹಾಕಿದ್ದುಂಟು. ನೂಲು ಬೆಳ್ಳಗಿದ್ದರೆ ಸಾಲದು. ನೂತ ಕೈಗಳಿಗೂ ಬಿಡುಗಡೆ ಬೇಕು.